ಹಲಸಿನ ದಿಮ್ಮಿ ಕೊಯ್ಸುವ ಮೊದಲು

ಪ್ರಶ್ನೆ: ಮಳೆಗಾಲದ ಗಾಳಿಗೆ ನಮ್ಮ ಕಾಫಿ ತೋಟದ ದೊಡ್ಡ ಹಲಸಿನ ಮರ ಬಿತ್ತು. ಅಜ್ಜನ ಕಾಲದ್ದು. ದಿಮ್ಮಿ 12 ಅಡಿ ಉದ್ದ, ಸುತ್ತಳತೆ 7 ಅಡಿ. ಹಳೇ ಸಾಮಿಲ್‌ನಲ್ಲಿ ಬಾಗಿಲು, ದಾರಂದಕ್ಕೆ ಕೊಯ್ಸಬೇಕು. ಹಿಂದೊಮ್ಮೆ ಕೊಯ್ಸಿದ ಹಲಗೆಗಳು ನಡುವೆ ಸೀಳಿ ಹೋಗಿದ್ದವು. ಈ ಸಲ ಏನು ಮಾಡಲಿ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನಡುವೆ ಸೀಳಿತು ಅಂದಿರಲ್ಲ, ಕಾರಣ ಅಲ್ಲೇ ಇದೆ. ಹಲಗೆಯೊಳಗೆ ತಿರುಳು, ಅಂದರೆ ಮರದ ನಟ್ಟನಡುವಿನ ಭಾಗ, ಉಳಿದುಬಿಟ್ಟಿತ್ತು ಅನ್ನಿಸುತ್ತದೆ. ಮರ ಒಣಗುವಾಗ ಬೆಳವಣಿಗೆಯ ಬಳೆಗಳ ಸುತ್ತ ಜಾಸ್ತಿ ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ, ಆ ಎಳೆದಾಟದಲ್ಲಿ ತಿರುಳಿರುವ ಹಲಗೆ ಸೀಳದೆ ಉಳಿಯುವುದು ಕಷ್ಟ. ಹಾಗಾಗಿ ಮೊದಲ ಕೊಯ್ತಕ್ಕೆ ಮುಂಚೆಯೇ ಮಿಲ್‌ನವರ ಹತ್ತಿರ ಕೂತು ಮಾತಾಡಿ. ನಡುವಿನ 2 ಅಂಗುಲ ಬೇರೆ ತೆಗೆಯಲಿ, ಅದು ಸೌದೆಗಾದರೂ ಆಗುತ್ತದೆ.

ನಿಮ್ಮ ದಿಮ್ಮಿ ಸುಮಾರು 27 ಅಂಗುಲ ದಪ್ಪ. ಅದನ್ನು ಒಂದೇ ಸಲಕ್ಕೆ ಸೀಳಲು ದುಂಡು ಗರಗಸವಾದರೆ ಹತ್ತಿರ 5 ಅಡಿ ಅಗಲದ್ದು ಬೇಕು, ಮರವೂ ಹುಡಿಯಾಗಿ ಜಾಸ್ತಿ ಹೋಗುತ್ತದೆ. ದಿಮ್ಮಿ ಹೊತ್ತು ಸಾಗುವ ಟ್ರಾಲಿ ಇರುವ ಹಳೇ ಬ್ಯಾಂಡ್ ಸಾ (ಪಟ್ಟಿಯಂಥ ಗರಗಸ) ಮಿಲ್ ಹುಡುಕಿ. ಅಲ್ಲಿ ಹಲಗೆ ಒಂದೊಂದು ಬಿದ್ದ ಹಾಗೆ ನೋಡಿ, ದಿಮ್ಮಿ ಹೊರಳಿಸಿ, ಮುಂದಿನದ್ದು ಹೇಗೆ ಅಂತ ನಿರ್ಧರಿಸಬಹುದು. ಅವಸರ ಮಾಡಬೇಡಿ.

ಇನ್ನೊಂದು ಮಾತು, ಬಹಳ ಮುಖ್ಯ. ತೋಟದ ಮರದಲ್ಲಿ ಬೇಲಿ ಮೊಳೆ, ಮೆಣಸಿನ ಬಳ್ಳಿ ಕಟ್ಟಿದ ತಂತಿ ಒಳಗೇ ಮುಚ್ಚಿಹೋಗಿರುತ್ತದೆ. ಎಲ್ಲಿರಬಹುದು ಅಂತ ಗೊತ್ತಿದ್ದರೆ ಗುರುತು ಹಾಕಿ ಕೊಡಿ. ನಾನೇ ನೋಡಿದ್ದೇನೆ, ಹಳೇ ಮುಳ್ಳುತಂತಿಗೆ ತಾಗಿ ಬ್ಲೇಡ್ ಪಟ್ಟನೆ ತುಂಡಾಗಿ ಹಾರಿತು, ಪಕ್ಕದಲ್ಲಿದ್ದ ಹುಡುಗ ಸ್ವಲ್ಪದರಲ್ಲಿ ಉಳಿದ.

ದಿಮ್ಮಿಯ ಎರಡೂ ತುದಿಗೆ ಇವತ್ತೇ ದಪ್ಪವಾಗಿ ಬಣ್ಣ ಹಚ್ಚಿ. ಕೊಯ್ಸಿದ ಮೇಲೆ ಹಲಗೆಗಳನ್ನು ಮಳೆ ಬೀಳದ, ಗಾಳಿ ಆಡುವ ಜಾಗದಲ್ಲಿ, ನಡುನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಅಟ್ಟಿ ಹಾಕಿ. ಅಂಗುಲ ದಪ್ಪಕ್ಕೆ ವರ್ಷ ಅನ್ನುವುದು ಸ್ಥೂಲ ಲೆಕ್ಕ, ನಮ್ಮ ಮಳೆಗೆ ಇನ್ನೂ ಸ್ವಲ್ಪ ಕಾಯಿರಿ. ದಿಮ್ಮಿ ಲಾರಿಗೆ ಏರಿಸುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಮಿಲ್‌ನವರು ಹೇಳುವ ಸಿಎಫ್‌ಟಿ (ಘನ ಅಡಿ) ಯಾವಾಗಲೂ ಕಡಿಮೆ ಅನ್ನಿಸುತ್ತದೆ. ಮೋಸವೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇಲ್ಲ, ಅಳತೆಯ ಕ್ರಮವೇ ಹಾಗೆ. ಮೇಲಿನ ದಿಮ್ಮಿಯನ್ನೇ ತಗೊಳ್ಳಿ. ಸುತ್ತಳತೆ 84 ಅಂಗುಲ, ಕಾಲುಭಾಗ 21. 21ನ್ನು 21ರಿಂದ, ಆಮೇಲೆ 12 ಅಡಿಯಿಂದ ಗುಣಿಸಿ 144ರಿಂದ ಭಾಗಿಸಿದರೆ 36.75 ಸಿಎಫ್‌ಟಿ. ದಿಮ್ಮಿಯಲ್ಲಿ ನಿಜಕ್ಕೂ ಇರುವುದು ಸುಮಾರು 47. ದುಂಡನೆಯದ್ದನ್ನು ಚೌಕ ಮಾಡುವಾಗ ಹೋಗುವ ಮರವನ್ನು ಈ ಲೆಕ್ಕ ಮೊದಲೇ ಕಳೆದಿರುತ್ತದೆ. ಟೇಪ್ ಹಿಡಿದು ದಿಮ್ಮಿಯ ನಡುಭಾಗದಲ್ಲಿ ನೀವೇ ಅಳೆಯಿರಿ.