‘ಯು ಆರ್ ಮಿಸ್ಸಿಂಗ್’ ಎಂದರೆ ತಪ್ಪೇ?

ಪ್ರಶ್ನೆ: ಮಗಳು ಓದಲೆಂದು ಜರ್ಮನಿಗೆ ಹೋಗಿ ಎರಡು ತಿಂಗಳಾಯಿತು. ಅವಳ ನೆನಪಾಗುತ್ತಿದೆ ಎಂದು ತಿಳಿಸಲು ‘ಯು ಆರ್ ಮಿಸ್ಸಿಂಗ್’ ಎಂಬ ಸಂದೇಶ ಕಳುಹಿಸಿದೆ. ಅದು ತಪ್ಪು, ‘ಐ ಮಿಸ್ ಯು’ ಎನ್ನಬೇಕು ಎಂದು ಅವಳು ತಿದ್ದಿದಳು. ಎರಡರಲ್ಲೂ ಇರುವುದು ಒಂದೇ ಪದವಲ್ಲವೇ? ಈ ಭಾವಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದಗಳಿವೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಮಗಳು ತಿದ್ದಿದ್ದು ಸರಿ. ಆದರೆ ನಿಮ್ಮ ವಾಕ್ಯದ ಹಿಂದೆ ಇರುವುದು ಶುದ್ಧ ಕನ್ನಡದ ವ್ಯಾಕರಣ. ‘ನೀನು ನೆನಪಾಗುತ್ತಿದ್ದೀಯೆ’ ಎಂದಾಗ ‘ನೀನು’ ಎಂಬುದು ಕರ್ತೃಪದವಾಗಿ, ಕ್ರಿಯಾಪದವೂ ಅದನ್ನೇ ಅನುಸರಿಸುತ್ತದೆ. ನೆನೆಯುವವರು ‘ನನಗೆ’ ಎಂದು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತಾರೆ, ಏಕೆಂದರೆ ನಮ್ಮ ಭಾಷೆಯಲ್ಲಿ ನೆನಪು ತಾನಾಗಿ ಬರುವಂಥದ್ದು, ಕಾಡುವಂಥದ್ದು. ಇಂಗ್ಲಿಷಿನಲ್ಲಿ ಹಾಗಲ್ಲ, ಅಗಲಿಕೆಯನ್ನು ಅನುಭವಿಸುವವರೇ ಅಲ್ಲಿ ಕರ್ತೃ, ಅಗಲಿದವರು ಕರ್ಮ. ಆದ್ದರಿಂದ ‘ಯು ಆರ್ ಮಿಸ್ಸಿಂಗ್’ ಎಂದರೆ ‘ನೀನು ಕಾಣೆಯಾಗಿದ್ದೀಯೆ’ ಎಂದಾಗುತ್ತದೆ. ಪೊಲೀಸ್ ಠಾಣೆಯ ಪ್ರಕಟಣೆಗಳಲ್ಲಿ ಬಳಕೆಯಾಗುವುದು ಇದೇ ‘ಮಿಸ್ಸಿಂಗ್’. ‘ಐ ಆ್ಯಮ್ ಮಿಸ್ಸಿಂಗ್ ಯು’ ಎಂದಿದ್ದರೆ ತಪ್ಪಾಗುತ್ತಿರಲಿಲ್ಲ.

‘ಮಿಸ್’ ಎಂಬುದರ ಹಳೆಯ ಅರ್ಥ ಗುರಿ ತಪ್ಪುವುದು. ಬಸ್ಸು ತಪ್ಪಿತು ಎನ್ನುವಾಗಲೂ ಅದೇ ಪದ ಬರುತ್ತದೆ. ಇದ್ದವರು ಇಲ್ಲವೆಂಬ ಕೊರಗಿನ ಅರ್ಥ ಅದಕ್ಕೆ ಆಮೇಲೆ ಸೇರಿಕೊಂಡಿತು.

ಇನ್ನು ಬೇರೆ ಪದಗಳ ವಿಚಾರ. ‘ಲಾಂಗ್ ಫಾರ್’ ಎಂದರೆ ಹಂಬಲಿಸುವುದು. ಇಲ್ಲಿ ‘ಫಾರ್’ ಬಿಡುವಂತಿಲ್ಲ. ‘ಪೈನ್’ ಇನ್ನೂ ತೀವ್ರವಾದುದು, ಅಗಲಿಕೆಯಲ್ಲಿ ಕೊರಗಿ ಸೊರಗುವುದು. ಇದಕ್ಕೂ ಪೈನ್ ಮರಕ್ಕೂ ಸಂಬಂಧವಿಲ್ಲ. ನೋವು ಎಂಬರ್ಥದ ‘ಪೇನ್’ ಇದರ ಬಂಧು, ಎರಡರ ಮೂಲವೂ ದಂಡನೆ ಎಂಬರ್ಥದ ಲ್ಯಾಟಿನ್ ಪದ.

ನಿಮ್ಮ ಮಗಳ ಸ್ಥಿತಿಗೆ ಹೆಚ್ಚು ಒಪ್ಪುವುದು ‘ಹೋಮ್‌ಸಿಕ್’. ಅದನ್ನು ಮನೆಯಿಂದ ದೂರ ಇರುವವರಿಗೆ ಮಾತ್ರ ಹೇಳಬಹುದು. ಮನೆಯಲ್ಲೇ ಉಳಿದಿರುವ ನಿಮಗೆ ಅದು ಹೊಂದುವುದಿಲ್ಲ. ಅವಳು ಈಗಿರುವ ನಾಡಿನ ಭಾಷೆಯಲ್ಲಿ ಇದೇ ಸಂಕಟವನ್ನು ‘ಹೈಮ್‌ವೇ’, ಅಂದರೆ ಮನೆನೋವು, ಎನ್ನುತ್ತಾರೆ. ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ 1688ರಲ್ಲಿ ಬಾಸೆಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಪರನಾಡಿನಲ್ಲಿದ್ದು ಊರಿನ ಹಂಬಲದಿಂದ ಕಾಯಿಲೆ ಬೀಳುತ್ತಿದ್ದವರ ಈ ಬೇನೆಗೆ ಒಂದು ಹೊಸ ಹೆಸರು ಕಟ್ಟಿದ. ಹಿಂದಿರುಗುವಿಕೆ ಮತ್ತು ನೋವು ಎಂಬ ಎರಡು ಗ್ರೀಕ್ ಪದಗಳನ್ನು ಬೆಸೆದು ಅವನು ಮಾಡಿದ ಆ ಪದವೇ ‘ನಾಸ್ಟಾಲ್ಜಿಯ’. ಆಗ ಅದು ರೋಗದ ಹೆಸರು. ಇಂದು ಕಳೆದುಹೋದ ಕಾಲದ ಹಳಹಳಿಕೆಗೆ ಅದನ್ನು ಬಳಸುತ್ತಾರೆಯೇ ಹೊರತು, ದೂರದಲ್ಲಿರುವ ಒಬ್ಬ ವ್ಯಕ್ತಿಯ ನೆನಪಿಗೆ ಬಳಸುವುದಿಲ್ಲ.

‘ಮಿಸ್ ಮಾಡಿಕೊಳ್ಳುತ್ತಿದ್ದೇನೆ’ ಎಂಬ ಮಾತು ಈಗ ಕನ್ನಡದಲ್ಲೂ ಬೇರೂರಿದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ‘ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ’ ಎಂಬುದರ ಜಾಗವನ್ನು ಅದು ತುಂಬಲಾರದು ಎಂದೇ ನನ್ನ ಎಣಿಕೆ, ಏಕೆಂದರೆ ಅಲ್ಲಿ ಕೊರಗುವುದು ಒಬ್ಬರಲ್ಲ, ಇಡೀ ಮನೆ.

ಕೊನೆಯದಾಗಿ ಒಂದು ಬಳಕೆಯ ಸೂಚನೆ: ‘ಮಿಸ್’ ಆದಮೇಲೆ ಮತ್ತೊಂದು ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು. ನಿನ್ನೊಡನೆ ಮಾತಾಡುತ್ತಿದ್ದುದು ನೆನಪಾಗುತ್ತದೆ ಎಂದು ಬರೆಯಬೇಕಾದಾಗ ‘ಐ ಮಿಸ್ ಟು ಟಾಕ್’ ಎನ್ನದೆ ‘ಐ ಮಿಸ್ ಟಾಕಿಂಗ್ ಟು ಯು’ ಎಂದು ಬರೆಯಿರಿ.