ಅಮ್ಮನ ಕಣ್ಣು ಗಡಿಯಾರದ ಮೇಲಿತ್ತು

ಓದುಗರ ಪತ್ರ: ನಮ್ಮಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದರು. ತೀರಿಕೊಂಡು ವರ್ಷ ತುಂಬುತ್ತ ಬಂತು. ನೆನಪಿಗೊಂದು ಲೇಖನ ಬರೆಯೋಣವೆಂದು ಕೂತರೆ ‘ತ್ಯಾಗಮಯಿ, ಸೇವಾ ಮನೋಭಾವದವರು’ ಎಂಬಲ್ಲಿಗೇ ಪೆನ್ನು ನಿಲ್ಲುತ್ತದೆ. ನಿಜ ಹೇಳಬೇಕೆಂದರೆ ನನಗಿನ್ನೂ ಅವರ ಮೇಲೆ ಸಿಟ್ಟಿದೆ. ಏಳು ವರ್ಷದವಳಿದ್ದಾಗ ಒಂದು ರಾತ್ರಿಯಿಡೀ ಜ್ವರದಲ್ಲಿ ನರಳಿದೆ. ಅಮ್ಮ ನೈಟ್ ಡ್ಯೂಟಿಯಲ್ಲಿದ್ದರು. ಬೆಳಗ್ಗೆ ಬಂದವರು ನನ್ನ ಹತ್ತಿರ ಬರದೆ ಸೀದಾ ಬಚ್ಚಲಿಗೆ ಹೋದರು. ಆಮೇಲೆ ಬಂದು ಮಣಿಕಟ್ಟು ಹಿಡಿದು ಕೂತರು. ಒಂದು ಮಾತಿಲ್ಲ, ಕಣ್ಣೆಲ್ಲ ಗಡಿಯಾರದ ಮೇಲೆ. ಮತ್ತೆ ಹೊರಡಲು ಹೊತ್ತು ನೋಡುತ್ತಿದ್ದಾರೆ ಅಂದುಕೊಂಡೆ. ಇದನ್ನೆಲ್ಲ ಬರೆಯಬಹುದೇ?

ಸಂಪಾದಕರ ಉತ್ತರ: ಬರೆಯಬಹುದು. ಬರೆಯಲೇಬೇಕು ಎನ್ನುತ್ತೇನೆ. ಅಗಲಿದವರ ಬಗ್ಗೆ ನಮ್ಮ ಮೇಜಿಗೆ ಬರುವ ಎಷ್ಟೋ ಬರಹಗಳು ಹೆಸರೊಂದನ್ನು ಬದಲಿಸಿದರೆ ಯಾರಿಗೆ ಬೇಕಾದರೂ ಒಪ್ಪುವಂತಿರುತ್ತವೆ. ನೀವು ಹೇಳಿದ ಆ ಬೆಳಗು ಹಾಗಲ್ಲ, ಅದನ್ನು ನಿಮ್ಮಮ್ಮನಲ್ಲದೆ ಇನ್ನೊಬ್ಬರಿಗೆ ಹೊಂದಿಸಲಾಗದು.

ಮೊದಲು ಆ ಬಚ್ಚಲಿನ ಮಾತು. ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿದ ಕೈಗೆ, ಬಟ್ಟೆಗೆ ಎಷ್ಟು ಹಾಸಿಗೆಗಳ ಸೋಂಕು ಅಂಟಿರಬಹುದೆಂದು ನರ್ಸ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೈ ಸುಡುತ್ತಿರುವ ಮಗು ಕೈ ಚಾಚುತ್ತಿದೆ. ಅದನ್ನು ದಾಟಿ ಹೋಗಿ, ಬಟ್ಟೆ ಬದಲಿಸಿ, ಸೋಪು ಹಚ್ಚಿ, ಬೆರಳ ಸಂದಿಗಳನ್ನೆಲ್ಲ ತಿಕ್ಕಿ ತೊಳೆದು ಬರುವಷ್ಟು ಹೊತ್ತು ಆ ತಾಯಿ ತನ್ನನ್ನು ತಾನು ಹೇಗೆ ತಡೆದುಕೊಂಡಿರಬೇಕು!

ಇನ್ನು ಗಡಿಯಾರ. ನಾಡಿ ಎಣಿಸಿಯಾದ ಮೇಲೂ ನರ್ಸ್ ಮಣಿಕಟ್ಟನ್ನು ಬಿಡುವುದಿಲ್ಲ. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದೊಡನೆ ನಮ್ಮ ಉಸಿರಾಟ ನಮಗರಿವಿಲ್ಲದೆ ಬದಲಾಗುತ್ತದೆ. ಅದಕ್ಕೇ ಬೆರಳು ನಾಡಿಯ ಮೇಲೇ ಇರುತ್ತದೆ, ಕಣ್ಣು ಮಾತ್ರ ಎದೆಯ ಏರಿಳಿತಕ್ಕೂ ಸೆಕೆಂಡ್ ಮುಳ್ಳಿಗೂ ಓಡಾಡುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು. ಮಕ್ಕಳಿಗೆ ಅದಕ್ಕಿಂತ ತುಸು ಹೆಚ್ಚು, ಜ್ವರ ಬಂದರೆ ಇನ್ನೂ ಹೆಚ್ಚು. ಮಕ್ಕಳದ್ದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ನಡುವೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಆ ಕೋಣೆಯಲ್ಲಿ ನಾನಿರಲಿಲ್ಲ, ಆಣೆ ಮಾಡಿ ಹೇಳಲಾರೆ. ಆದರೂ ನಿಮ್ಮಮ್ಮ ಆಗ ನಿಮ್ಮ ಉಸಿರು ಎಣಿಸುತ್ತಿದ್ದರೆಂದೇ ನನ್ನ ನಂಬಿಕೆ.

ಇಷ್ಟು ಹೇಳಿದೆನೆಂದು ಸಿಟ್ಟು ಬಿಡಬೇಕಿಲ್ಲ. ಆ ರಾತ್ರಿ ನಿಮಗೆ ಅಮ್ಮ ಬೇಕಿತ್ತು, ಅವರು ಬೇರೆ ಯಾರದೋ ಹಾಸಿಗೆಯ ಪಕ್ಕದಲ್ಲಿದ್ದರು. ಅದನ್ನೂ ಇದ್ದ ಹಾಗೇ ಬರೆಯಿರಿ.

‘ತ್ಯಾಗ’, ‘ಸೇವೆ’ ಎಂಬ ಮಾತುಗಳ ಮೇಲೆ ನನಗೂ ತಕರಾರಿದೆ. ಹೊಗಳುವ ಭರದಲ್ಲಿ ಅವು ಕಲಿತು ಮಾಡುವ ಕೆಲಸವನ್ನೇ ಮರೆಸಿಬಿಡುತ್ತವೆ. ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12 ದಾದಿಯರ ದಿನ. ಅಂದು ಎಲ್ಲೆಲ್ಲೂ, ರಾತ್ರಿ ರೋಗಿಗಳ ನಡುವೆ ಓಡಾಡುವಾಗ ಆಕೆಯ ಕೈಯಲ್ಲಿದ್ದ ದೀಪದ್ದೇ ಮಾತು. ಆದರೆ 1854ರಲ್ಲಿ ಕ್ರೈಮಿಯಾ ಯುದ್ಧದ ಆಸ್ಪತ್ರೆಗೆ ಹೋದ ಆಕೆ, ಮರಳಿ ಬಂದ ಮೇಲೆ ಸತ್ತ ಸೈನಿಕರ ಲೆಕ್ಕವನ್ನು ಚಿತ್ರದಲ್ಲಿ ಬಿಡಿಸಿ, ಗಾಯಕ್ಕಿಂತ ಎಷ್ಟೋ ಹೆಚ್ಚು ಮಂದಿಯನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳು ಎಂದು ತೋರಿಸಿಕೊಟ್ಟರು. ಆಕೆಯೂ ಎಣಿಸಿದವರೇ.

ಬರೆಯುವ ಮುನ್ನ ಅಮ್ಮನ ಜೊತೆ ನೈಟ್ ಡ್ಯೂಟಿ ಮಾಡಿದವರನ್ನು ಒಮ್ಮೆ ಹುಡುಕಿ ಮಾತಾಡಿಸಿ. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವಾಗ ಅವರಿಗೆ ಏನು ಹೇಳುತ್ತಿದ್ದರು? ಪ್ರಜ್ಞೆ ತಪ್ಪಿದವರೊಡನೆಯೂ ಮಾತಾಡುತ್ತಿದ್ದರೇ? ವಾರ್ಡಿನಲ್ಲಿ ಮಗುವೊಂದು ಉಳಿಯದೆ ಹೋದ ದಿನ ಡ್ಯೂಟಿ ಮುಗಿಸಿ ಹೊರಟಾಗ ಹೇಗಿದ್ದರು? ಅಂಥ ದಿನವೂ ಅವರು ನಿಮ್ಮ ಮನೆಗೇ ಬಂದಿದ್ದಾರೆ, ನಿಮ್ಮ ತಲೆ ಬಾಚಿ ಶಾಲೆಗೆ ಕಳಿಸಿದ್ದಾರೆ.

ಪುಟದ ಮಿತಿ ನೋಡಬೇಡಿ, ಬರೆದು ನನ್ನ ಹೆಸರಿಗೇ ಕಳಿಸಿ. ಬಚ್ಚಲಿನಲ್ಲಿ ನೀರು ಬೀಳುವ ಸದ್ದಿನಿಂದ ಶುರು ಮಾಡಿ.

– ಸಂ.