ಕೇಳಿ, ಹೇಳುತ್ತೇವೆ: ಸೂರಿನ ಕೆಳಗಿನ ಫುಟ್‌ಬಾಲ್, ಊರಿನ ತಂಡಗಳ ಲೆಕ್ಕ

ಪ್ರಶ್ನೆ: ಅಮೆರಿಕದ ಫುಟ್‌ಬಾಲನ್ನು ಸೂರಿನ ಕೆಳಗೆ ಆಡುವ ವಿಡಿಯೊ ನೋಡಿದೆ. ಆಟಗಾರರು ಗೋಡೆಗೆ ಅಪ್ಪಳಿಸಿ ನೋಡುಗರ ಮಡಿಲಿಗೇ ಬೀಳುತ್ತಾರೆ. ಇದು ಅದೇ ಆಟವೋ, ಬೇರೆಯೋ?
– ಓದುಗರು, ಸಂಡೂರು

ಉತ್ತರ: ಬೇರು ಒಂದೇ, ಆಟ ಬೇರೆ. ಬಯಲಿನ ಮೈದಾನ 100 ಗಜ ಉದ್ದ, 160 ಅಡಿ ಅಗಲ. ಒಂದು ಕಡೆ 11 ಜನ. ಒಳಾಂಗಣದ್ದು 50 ಗಜ ಉದ್ದ, 85 ಅಡಿ ಅಗಲ. ಒಂದು ಕಡೆ 8 ಜನ. ಈ 85 ಅಡಿ ಎಲ್ಲಿಂದ ಬಂತು ಗೊತ್ತೇ? ಅಲ್ಲಿನ ಐಸ್ ಹಾಕಿ ಅಂಕಣದ ಅಗಲ ಅದು. ಅದರ ಉದ್ದ 200 ಅಡಿ. 50 ಗಜದ ಮೈದಾನ ಅಂದರೆ 150 ಅಡಿ, ಎರಡೂ ತುದಿಯ ಅಂಕವಲಯ ತಲಾ 8 ಗಜ, ಅಂದರೆ 48 ಅಡಿ, ಕೂಡಿದರೆ 198. ಹಾಕಿ ಅಂಕಣದೊಳಗೆ ಅಳೆದಿಟ್ಟಂತೆ ಕೂರುತ್ತದೆ. ಹಾಕಿಯ ಸುತ್ತುಗೋಡೆಗೆ ದಪ್ಪ ಸ್ಪಂಜಿನ ಪ್ಯಾಡ್ ಕಟ್ಟುತ್ತಾರೆ, ನೆಲದ ಮೇಲೆ ಕೃತಕ ಹುಲ್ಲಿನ ಸುರುಳಿ ಬಿಚ್ಚುತ್ತಾರೆ. ಹೊಸ ಕ್ರೀಡಾಂಗಣ ಕಟ್ಟಬೇಕಿಲ್ಲ ಎನ್ನುವುದೇ ಈ ಆಟದ ಹುಟ್ಟಿನ ಗುಟ್ಟು.

1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ನೋಡುತ್ತಿದ್ದ ಜಿಮ್ ಫಾಸ್ಟರ್ ಈ ಆಟದ ಮೊದಲ ನಕ್ಷೆ ಬರೆದದ್ದು ಒಂದು ಕಾಗದದ ಲಕೋಟೆಯ ಮೇಲೆ. 1987ರಲ್ಲಿ ಅರೀನಾ ಫುಟ್‌ಬಾಲ್ ಲೀಗ್ 4 ತಂಡಗಳೊಂದಿಗೆ ಶುರುವಾಯಿತು. ಗೋಲ್ ಕಂಬಗಳ ಎರಡೂ ಬದಿ 30 ಅಡಿ ಅಗಲ, 32 ಅಡಿ ಎತ್ತರದ ಬಿಗಿ ಬಲೆ ಕಟ್ಟಿದ್ದು ಫಾಸ್ಟರ್ ಅವರ ಜಾಣತನ: ಗುರಿ ತಪ್ಪಿದ ಚೆಂಡು ಬಲೆಗೆ ಬಡಿದು ಹಿಂದಕ್ಕೆ ಬರುತ್ತದೆ, ಆಟ ನಿಲ್ಲುವುದಿಲ್ಲ. ಆ ಬಲೆಗೆ ಪೇಟೆಂಟ್ ಇತ್ತು. ಹಾಗಾಗಿ ಬೇರೆ ಒಳಾಂಗಣ ಲೀಗ್‌ಗಳು ಬಲೆಯಿಲ್ಲದೆಯೇ ಆಡುವುದನ್ನು ರೂಢಿಸಿಕೊಂಡವು.

ಪ್ರಶ್ನೆ: ಇಂಥ ತಂಡಗಳು ಚಿಕ್ಕ ಊರುಗಳಲ್ಲಿ ಅಬ್ಬರದಿಂದ ಶುರುವಾಗಿ ಎರಡು ಮೂರು ವರ್ಷದಲ್ಲಿ ಮುಚ್ಚುತ್ತವಂತೆ. ಜನ ಬರುವುದಿಲ್ಲವೇ?
– ಓದುಗರು, ರಾಯಚೂರು

ಉತ್ತರ: ಜನ ಬರುತ್ತಾರೆ. ಜನ ಬಂದರೂ ಮುಚ್ಚುತ್ತವೆ ಎನ್ನುವುದೇ ತಿಳಿಯಬೇಕಾದ ಸಂಗತಿ.

ನಮ್ಮ ಕಡೆ ಜಾತ್ರೆಗೆ ಕ್ಯಾಂಪ್ ಹಾಕುವ ನಾಟಕ ಕಂಪನಿಯನ್ನು ನೆನಪಿಸಿಕೊಳ್ಳಿ. ಒಮ್ಮೆ ಟೆಂಟ್ ಹಾಕಿದರೆ ದಿನಾ ಆಟ, ಕೆಲವು ದಿನ ಎರಡೆರಡು. ಒಂದು ರಾತ್ರಿ ಕುರ್ಚಿ ಖಾಲಿ ಹೋದರೆ ಮರುದಿನ ತುಂಬಿಕೊಳ್ಳಬಹುದು. ಒಳಾಂಗಣ ಫುಟ್‌ಬಾಲ್ ತಂಡಕ್ಕೆ ಆ ಅವಕಾಶವಿಲ್ಲ. ಅರೀನಾ ಲೀಗಿನ ಕೆಳಹಂತವಾಗಿ 2000ದಿಂದ 2009ರವರೆಗೆ ನಡೆದ ‘ಎಎಫ್‌2’ ಲೀಗಿನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 16 ಪಂದ್ಯ ಇರುತ್ತಿದ್ದವು. ತವರಿನಲ್ಲಿ ಅದರ ಅರ್ಧ, ಎಂಟೇ. ಇಡೀ ವರ್ಷದ ಗಳಿಕೆಗೆ ಎಂಟು ಸಂಜೆ. ಖರ್ಚೆಲ್ಲ ಮೊದಲ ಟಿಕೆಟ್ ಹರಿಯುವ ಮುಂಚಿನದು: ಲೀಗಿನ ಪ್ರವೇಶ ಶುಲ್ಕ, ಹುಲ್ಲಿನ ಸುರುಳಿ, ಗೋಡೆ ಪ್ಯಾಡ್, ಹೆಲ್ಮೆಟ್, ಸಭಾಂಗಣದ ಮುಂಗಡ, ಬಸ್ಸು. ಎಲ್ಲಕ್ಕಿಂತ ಭಾರ ಗಾಯದ ವಿಮೆ. ಮೈಗೆ ಮೈ ಅಪ್ಪಳಿಸುವ ಆಟಕ್ಕೆ ಕಂತು ಹೆಚ್ಚು. ಅದರ ಮೇಲೆ ತಿಂಡಿ, ಪಾರ್ಕಿಂಗ್ ದುಡ್ಡು ಸಾಮಾನ್ಯವಾಗಿ ಸಭಾಂಗಣದವರ ಪಾಲು, ತಂಡದ್ದಲ್ಲ.

ಮೊದಲ ವರ್ಷ ಕುತೂಹಲಕ್ಕೆ ಜನ ನುಗ್ಗುತ್ತಾರೆ. ಕುರ್ಚಿ ತುಂಬಿ ಕಾಣಲೆಂದು ಮಾಲೀಕರು ಪಾಸ್ ಹಂಚುತ್ತಾರೆ. ತಪ್ಪು ಶುರುವಾಗುವುದು ಇಲ್ಲಿ. ಪಾಸ್ ಸಿಕ್ಕ ಕೈ ಮುಂದೆ ಟಿಕೆಟ್ಟಿಗೆ ದುಡ್ಡು ಬಿಚ್ಚುವುದಿಲ್ಲ. ದುಡ್ಡು ಕೊಟ್ಟು ಪಕ್ಕದಲ್ಲಿ ಕೂತವನಿಗೆ ಇದು ಗೊತ್ತಾದರೆ ಅವನೂ ಪಾಸ್ ಕೇಳುತ್ತಾನೆ. ಎರಡನೆಯ ವರ್ಷ ಹಾಕಿ ತಂಡಕ್ಕೂ ಸಂಗೀತ ಕಾರ್ಯಕ್ರಮಗಳಿಗೂ ಒಳ್ಳೆಯ ಶನಿವಾರಗಳು ಹೋಗಿ, ಉಳಿದ ವಾರದ ದಿನಗಳು ಇವರ ಪಾಲಿಗೆ ಬರುತ್ತವೆ.

ಇಷ್ಟನ್ನೂ ತಾಳಿಕೊಂಡ ತಂಡವನ್ನು ಕೊಲ್ಲುವುದು ಎದುರಾಳಿಯ ಸಾವು. ದೂರದ ಊರಿನ ತಂಡ ನಡುವೆಯೇ ಬಾಗಿಲು ಹಾಕಿತೆಂದರೆ ನಿಮ್ಮ ಎಂಟು ಸಂಜೆಗಳಲ್ಲಿ ಒಂದು ಹೋಯಿತು. ಟಿಕೆಟ್ ದುಡ್ಡು ವಾಪಸ್, ಸಭಾಂಗಣದ ಬಾಡಿಗೆ ಮಾತ್ರ ತಪ್ಪದು. ಉಳಿದ ತಂಡಗಳು ಇನ್ನೂ ದೂರ ಪ್ರಯಾಣ ಮಾಡಬೇಕು, ಅವುಗಳ ಖರ್ಚು ಏರುತ್ತದೆ, ಮತ್ತೊಂದು ಬೀಳುತ್ತದೆ. 2024ರಲ್ಲಿ ಅರೀನಾ ಲೀಗನ್ನು ಮತ್ತೆ ಎಬ್ಬಿಸಲು ಹೊರಟಾಗ ಕಣ್ಣೆದುರೇ ಆದದ್ದು ಇದು: 16 ತಂಡ ಎಂದು ಶುರುವಾಗಿ, ಕೆಲವೇ ವಾರಗಳಲ್ಲಿ ಒಂದರ ಹಿಂದೆ ಒಂದು ಉದುರಿ, ಋತು ಮುಗಿಯುವ ಹೊತ್ತಿಗೆ ಅರ್ಧದಷ್ಟು ಉಳಿದವು.

ಚೆನ್ನಾಗಿ ಆಡಿದರೆ ಉಳಿಯಬಹುದೆಂದೂ ಭಾವಿಸಬೇಡಿ. ಮಿಸಿಸಿಪ್ಪಿ ನದಿಯ ಎರಡೂ ದಡದ ಊರುಗಳನ್ನು ಸೇರಿಸಿ ‘ಕ್ವಾಡ್ ಸಿಟೀಸ್’ ಎನ್ನುತ್ತಾರೆ. ಅಲ್ಲಿನ ಸ್ಟೀಮ್‌ವೀಲರ್ಸ್ ತಂಡ 2000ದಲ್ಲಿ, ಎಎಫ್‌2ರ ಮೊದಲ ವರ್ಷವೇ, 19 ಪಂದ್ಯಗಳಲ್ಲಿ 19ನ್ನೂ ಗೆದ್ದು ಕಪ್ ಎತ್ತಿತು. 2001ರಲ್ಲಿ ಮತ್ತೆ ಗೆದ್ದಿತು. ಲೀಗು 15 ತಂಡದಿಂದ ಎರಡೇ ವರ್ಷದಲ್ಲಿ 34ಕ್ಕೆ ಹಿಗ್ಗಿತು. ಅಷ್ಟು ವೇಗವಾಗಿ ಹಿಗ್ಗಿದ್ದೇ ಕೇಡಾಯಿತು ಎನ್ನುವುದು ನಮ್ಮ ಅಭಿಪ್ರಾಯ; ಹೊಸ ತಂಡಗಳ ಪ್ರವೇಶ ಶುಲ್ಕ ಕೈಗೆ ಬರುತ್ತಿದ್ದಾಗ ಟಿಕೆಟ್ ಗಳಿಕೆಯ ಕೊರತೆ ಕಣ್ಣಿಗೆ ಬೀಳುವುದಿಲ್ಲ. 2009ರಲ್ಲಿ ಮೇಲಿನ ಅರೀನಾ ಲೀಗ್ ದಿವಾಳಿಯಾಯಿತು, ಎಎಫ್‌2 ನಿಂತಿತು, ಸ್ಟೀಮ್‌ವೀಲರ್ಸ್ ಕೂಡ. ಅದೇ ಹೆಸರಿನ ಬೇರೆ ತಂಡ ಅಲ್ಲಿ ಮತ್ತೆ ಕಣಕ್ಕಿಳಿಯಲು 2018 ಬರಬೇಕಾಯಿತು.

ಪ್ರಶ್ನೆ: ಅಂಥ ತಂಡದ ಆಟಗಾರನ ಸಂಬಳ ಎಷ್ಟು?
– ಓದುಗರು, ಮಸ್ಕಿ

ಉತ್ತರ: ಎಎಫ್‌2ರಲ್ಲಿ ಪಂದ್ಯಕ್ಕೆ ಸುಮಾರು 200 ಡಾಲರ್ ಇತ್ತು. ಹಗಲು ಬೇರೆ ಕೆಲಸ, ಸಂಜೆ ಅಭ್ಯಾಸ. ಒಳಾಂಗಣದ ಆಟದಿಂದ ಮೇಲೇರಿದವರು ಕಡಿಮೆ. ಹೆಚ್ಚು ಹೇಳಿಕೊಳ್ಳುವ ಹೆಸರು ಕರ್ಟ್ ವಾರ್ನರ್: ದಿನಸಿ ಅಂಗಡಿಯಲ್ಲಿ ಗಂಟೆಗೆ 5.50 ಡಾಲರ್‌ಗೆ ಸಾಮಾನು ಜೋಡಿಸುತ್ತಿದ್ದವರು 1995ರಲ್ಲಿ ಅರೀನಾ ಲೀಗಿನ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಸೇರಿ, 2000ದ ಜನವರಿಯಲ್ಲಿ ಬಯಲಿನ ಫುಟ್‌ಬಾಲಿನ ದೊಡ್ಡ ಫೈನಲ್ ಆದ ಸೂಪರ್ ಬೌಲನ್ನು ಗೆದ್ದ ತಂಡದಲ್ಲಿ, ಚೆಂಡೆಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು.

ಪ್ರಶ್ನೆ: ನಮ್ಮ ಬಳ್ಳಾರಿ ಟಸ್ಕರ್ಸ್ ಕ್ರಿಕೆಟ್ ತಂಡವೂ ಹೀಗೇ ಮುಚ್ಚಿತೇ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಪೂರ್ತಿ ಹೀಗಲ್ಲ. ಟಸ್ಕರ್ಸ್ 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫೈನಲ್ ಆಡಿದ ತಂಡ. ಆ ವರ್ಷದ ಮ್ಯಾಚ್ ಫಿಕ್ಸಿಂಗ್ ತನಿಖೆ, ಆಮೇಲೆ ಕೋವಿಡ್. ಕೆಪಿಎಲ್ ಮತ್ತೆ ನಡೆಯಲಿಲ್ಲ. 2022ರಲ್ಲಿ ಅದರ ಜಾಗಕ್ಕೆ ಬಂದ ಮಹಾರಾಜ ಟ್ರೋಫಿಯ 6 ತಂಡಗಳಲ್ಲಿ ಬಳ್ಳಾರಿ ಇರಲಿಲ್ಲ. ಲೀಗು ಹೋದರೆ ತಂಡವೂ ಹೋಗುತ್ತದೆ ಎನ್ನುವಷ್ಟು ಮಟ್ಟಿಗೆ ಹೋಲಿಕೆ ಸರಿ. ಇನ್ನೊಂದು ನೋವಿನ ಮಾತು: 2019ರ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ಬಳ್ಳಾರಿಯ ಹೆಸರಿತ್ತು, ಬಳ್ಳಾರಿಯವರಿಗೆ ತಮ್ಮೂರಲ್ಲಿ ಕೂತು ನೋಡುವ ಒಂದು ಸಂಜೆಯೂ ಇರಲಿಲ್ಲ.

ಪ್ರಶ್ನೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಸಿಂಧನೂರು ಹೀಂಗ ನಾಲ್ಕು ಊರಿನ ತಂಡ ಮಾಡಿ ಮ್ಯಾಟ್ ಮ್ಯಾಲೆ ಕಬಡ್ಡಿ ಲೀಗ್ ನಡಸಬೇಕಂತ ಮಾಡೀವಿ. ಒಂದs ವರ್ಷಕ್ಕ ಮುಚ್ಚಬಾರದು. ಏನು ನೋಡ್ಕೋಬೇಕ್ರಿ?
– ಗೆಳೆಯರ ಬಳಗದವರು, ಕುಷ್ಟಗಿ

ಉತ್ತರ: ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಊರುಗಳ ಆಯ್ಕೆಯೂ ಸರಿಯಿದೆ, ಪಂದ್ಯ ಮುಗಿಸಿ ಅದೇ ರಾತ್ರಿ ಮನೆ ಸೇರಬಹುದು. ವಸತಿ ಖರ್ಚು ಉಳಿಯಿತೆಂದರೆ ಅರ್ಧ ಗೆದ್ದಂತೆ.

ಮೊದಲು ವೇಳಾಪಟ್ಟಿ. ನಾಲ್ಕು ತಂಡ ಪರಸ್ಪರ ಎರಡೆರಡು ಬಾರಿ ಆಡಿದರೆ 12 ಪಂದ್ಯ. ದಿನಕ್ಕೊಂದರಂತೆ ಆಡಿಸಬೇಡಿ. ಒಂದೇ ಊರಲ್ಲಿ ಒಂದೇ ಸಂಜೆ ನಾಲ್ಕೂ ತಂಡ ಸೇರಿ ಎರಡು ಪಂದ್ಯ ಆಡಲಿ. 12 ಪಂದ್ಯಕ್ಕೆ 6 ಸಂಜೆ, ಸೆಮಿಫೈನಲ್‌ಗಳಿಗೆ ಒಂದು, ಫೈನಲ್‌ಗೆ ಒಂದು. ಒಟ್ಟು 8, ಊರಿಗೆ ಎರಡೆರಡು. ಒಂದು ತಂಡ ಕೈ ಕೊಟ್ಟರೂ ಆ ಸಂಜೆ ಇನ್ನೊಂದು ಪಂದ್ಯ ಇದ್ದೇ ಇರುತ್ತದೆ, ಟಿಕೆಟ್ ದುಡ್ಡು ಹಿಂದಿರುಗಿಸಬೇಕಿಲ್ಲ. ಅಮೆರಿಕದ ಆ ತಂಡಗಳಿಗೆ ಇಲ್ಲದ ಆಸರೆ ಇದು. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ, ಟೈಮ್ ಔಟ್ ಸೇರಿ ಪಂದ್ಯಕ್ಕೆ ಒಂದು ಗಂಟೆ ಹಿಡಿಯಿರಿ, ಎರಡಕ್ಕೆ ಎರಡೂವರೆ.

ದಿನ ಆರಿಸುವಾಗ ಕ್ಯಾಲೆಂಡರಿಗಿಂತ ಹೊಲ ನೋಡಿ. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ, ಕೊಯ್ಲಿನ ವಾರಗಳಲ್ಲಿ ಆಟಗಾರರೂ ಸಿಗುವುದಿಲ್ಲ, ನೋಡುಗರೂ ಸಿಗುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಸಂಜೆಯೂ ನಿಲ್ಲಲಾಗದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳನ್ನು ಬಿಟ್ಟುಬಿಡಿ; ಅಲ್ಲಿ ಸೇರುವ ಜನಸಾಗರದ ಎದುರು ಯಾವ ಪಂದ್ಯವೂ ನಿಲ್ಲದು. ಫೆಬ್ರುವರಿ ನಿಮಗೆ ಒಪ್ಪುವ ತಿಂಗಳು.

ಮ್ಯಾಟ್: ಪುರುಷರ ಅಂಕಣ, ಎರಡೂ ಬದಿಯ ಪಟ್ಟಿ (ಲಾಬಿ) ಸೇರಿ, 13 ಮೀ. ಉದ್ದ, 10 ಮೀ. ಅಗಲ. ಒಂದು ಮೀಟರ್ ಚೌಕದ, ಹಲ್ಲು ಕೂಡಿಸುವ ತುಂಡುಗಳಾದರೆ 130 ಬೇಕು. ಸುತ್ತ ಒಂದೊಂದು ಸಾಲು ಹೆಚ್ಚು ಹಾಕಿದರೆ 15x12, ಅಂದರೆ 180. ಈ ಸಾಲಿನಲ್ಲಿ ಉಳಿತಾಯ ಮಾಡಬೇಡಿ, ಗೆರೆಯಾಚೆ ತಳ್ಳಿಸಿಕೊಂಡವನು ಬೀಳುವುದೇ ಅಲ್ಲಿ. ಕೊಳ್ಳುವ ಮುಂಚೆ ಮೊಣಕೈ ಊರಿ ಮೈಭಾರ ಬಿಡಿ. ಕೆಳಗಿನ ನೆಲ ತಾಗಿದರೆ ಆ ಮ್ಯಾಟ್ ಬೇಡ. ಉಬ್ಬುತಗ್ಗಿನ ನೆಲದ ಮೇಲೆ ಹಾಸಿದರೆ ಹಲ್ಲುಗಳು ಬಿಚ್ಚಿಕೊಂಡು ಬೆರಳು ಸಿಕ್ಕಿಕೊಳ್ಳುತ್ತದೆ. ಎರೆಮಣ್ಣಿನ ದೂಳು ಕೂತ ಮ್ಯಾಟ್ ಬೆವರು ಬಿದ್ದೊಡನೆ ಜಾರುತ್ತದೆ. ಹಾಗಾಗಿ ಎರಡು ಪಂದ್ಯಗಳ ನಡುವೆ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸುವ ಇಬ್ಬರು ಹುಡುಗರು ಕಾಯಂ ಇರಲಿ.

ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರಿಗೆ ಮ್ಯಾಟಿನ ಶೂ ಹೊಸದು. ಅದು ನೆಲ ಕಚ್ಚಿ ಹಿಡಿಯುತ್ತದೆ. ಮೈ ತಿರುಗಿದರೂ ಪಾದ ತಿರುಗದೆ ಮಂಡಿ ಹೊರಳುತ್ತದೆ. ಲೀಗಿಗೆ ಕನಿಷ್ಠ ಎರಡು ವಾರ ಮುಂಚೆ ಶೂ ಹಾಕಿಸಿ ಮ್ಯಾಟ್ ಮೇಲೇ ಅಭ್ಯಾಸ ಮಾಡಿಸಿ. ಸ್ಟ್ರೆಚರ್, ಐಸ್ ಪೆಟ್ಟಿಗೆ, ಚಾಲಕ ಕೂತಿರುವ ಒಂದು ವಾಹನ ಅಂಗಳದಲ್ಲೇ ಇರಬೇಕು. ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್, ಹೀಗೆ ಆರು ಜನರ ಭತ್ಯೆಯನ್ನು ಮೊದಲೇ ತೆಗೆದಿಡಿ.

ದುಡ್ಡಿನ ವಿಷಯದಲ್ಲಿ ಗಟ್ಟಿಯಾಗಿರಿ. ಎಂಟೂ ಸಂಜೆಯ ಬಾಡಿಗೆ, ಮ್ಯಾಟ್, ಬಸ್ಸು, ವಿಮೆ, ಭತ್ಯೆ ಎಲ್ಲವನ್ನೂ ಕೂಡಿಸಿ. ಅಷ್ಟೂ ಮೊತ್ತ ಪ್ರಾಯೋಜಕರಿಂದ, ತಂಡಗಳ ವಂತಿಗೆಯಿಂದ ಕೈಗೆ ಬಂದ ಮೇಲೆ ಪೋಸ್ಟರ್ ಅಚ್ಚು ಹಾಕಿಸಿ. ‘ಕೊಡ್ತೀನಿ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟಿಕೆಟ್ ಗಳಿಕೆಯನ್ನು ಮೊದಲ ವರ್ಷ ಮುಟ್ಟದೆ ಎರಡನೆಯ ವರ್ಷಕ್ಕೆ ಇಡಿ. ಪ್ರತಿ ತಂಡವೂ ಒಂದು ಸಂಜೆಯ ಪೂರ್ತಿ ಖರ್ಚಿನಷ್ಟು ಠೇವಣಿ ಇಡಲಿ, ಕೊನೆಯ ಪಂದ್ಯ ಆಡಿದ ಮೇಲೆ ಹಿಂದಿರುಗಿಸಿ. ಮೊದಲ ಬಹುಮಾನ ಚಿಕ್ಕದಾದರೂ ಅಡ್ಡಿಯಿಲ್ಲ, ನಾಲ್ಕೂ ತಂಡಕ್ಕೆ ದಾರಿಖರ್ಚು ಸಿಗಲಿ. ಪಾಸ್ ಬೇಡವೇ ಬೇಡ. ಶಾಲಾ ಮಕ್ಕಳಿಗೆ ಹತ್ತು ರೂಪಾಯಿಯದ್ದಾದರೂ ಟಿಕೆಟ್ ಮಾಡಿ.

ಪ್ರಶ್ನೆ: ಮುಚ್ಚಿದ ತಂಡದ ಹಳೆಯ ಮ್ಯಾಟ್ ಕಡಿಮೆ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳಬಹುದೇ?
– ಓದುಗರು, ಮಾನ್ವಿ

ಉತ್ತರ: ನೋಡಿ ತೆಗೆದುಕೊಳ್ಳಿ. ಅಮೆರಿಕದಲ್ಲೂ ಮುಚ್ಚಿದ ತಂಡದ ಹುಲ್ಲಿನ ಸುರುಳಿ, ಗೋಡೆ ಪ್ಯಾಡು ಮುಂದಿನ ತಂಡಕ್ಕೆ ಮಾರಾಟವಾಗುತ್ತವೆ. ನಾಲ್ಕೈದು ತುಂಡುಗಳ ಫೋಟೊ ನೋಡಿ ವ್ಯಾಪಾರ ಮಾಡಬೇಡಿ. ಎಲ್ಲ ತುಂಡುಗಳನ್ನೂ ಹಾಸಿಸಿ ಅದರ ಮೇಲೆ ಓಡಿ ನೋಡಿ. ಬಿಸಿಲಲ್ಲಿಟ್ಟ ತುಂಡು ಅಂಚಿನಲ್ಲಿ ಮೇಲಕ್ಕೆ ಬಾಗಿರುತ್ತದೆ, ಅದು ಮತ್ತೆ ಸಪಾಟಾಗದು. ಒದ್ದೆಯಾಗಿ ಒಟ್ಟಿದ್ದು ಮುಗ್ಗಲು ವಾಸನೆ ಹೊಡೆಯುತ್ತದೆ, ತೊಳೆದರೂ ಹೋಗುವುದಿಲ್ಲ. ಇಲಿ ಕಡಿದ ಹಲ್ಲಿನ ತುಂಡನ್ನು ಬಿಸಾಡಬೇಕಿಲ್ಲ, ಹೊರಸಾಲಿಗೆ ಹಾಕಿ ಮುರಿದ ಬದಿ ಆಚೆ ಬರುವಂತೆ ಕೂರಿಸಿ. ಬೇರೆ ತಯಾರಕರ ತುಂಡುಗಳನ್ನು ಬೆರೆಸಲು ಹೋಗಬೇಡಿ, ಹಲ್ಲಿನ ಅಳತೆ ಕೂಡುವುದಿಲ್ಲ. ತಂದ ಮೇಲೆ ನೆರಳಿನಲ್ಲಿ, ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಮಡಚದೆ ಒಂದರ ಮೇಲೊಂದು ಸಪಾಟಾಗಿ ಇಡಿ.